ಪೊಟ್ಟಣದ ಹಿಂಬದಿ ಓದೋಣ

ಮಕ್ಕಳೇ, ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸ್ ಕೊಳ್ಳುವಾಗ ನೀವು ಮೊದಲು ನೋಡುವುದು ಪೊಟ್ಟಣದ ಮೇಲಿನ ಬಣ್ಣದ ಚಿತ್ರವನ್ನು, ಅಲ್ಲವೇ? ಇನ್ನು ಮೇಲೆ ಅದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಒಂದು ಪಟ್ಟಿ ಇರುತ್ತದೆ. ಅದೇ ಪೌಷ್ಟಿಕಾಂಶಗಳ ಪಟ್ಟಿ.

ಈ ಪಟ್ಟಿಯನ್ನು ತಯಾರಕರು ತಮಗೆ ತೋಚಿದಂತೆ ಮುದ್ರಿಸುವಂತಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಇದಕ್ಕೆ ನಿಯಮಗಳಿವೆ. ಸಾಮಾನ್ಯವಾಗಿ 100 ಗ್ರಾಂ ಅಥವಾ 100 ಮಿಲಿಲೀಟರ್ ಆಹಾರದಲ್ಲಿ ಶಕ್ತಿ, ಪ್ರೋಟೀನ್, ಶರ್ಕರಪಿಷ್ಟ, ಸಕ್ಕರೆ, ಕೊಬ್ಬು, ಸೋಡಿಯಂ ಎಷ್ಟಿವೆ ಎಂದು ತಿಳಿಸಬೇಕು. ಆಹಾರಕ್ಕೆ ಬಳಸಿದ ಪದಾರ್ಥಗಳ ಪಟ್ಟಿಯೂ ಇರಬೇಕು. ಅದರಲ್ಲಿ ಹೆಚ್ಚು ಬಳಸಿದ ಪದಾರ್ಥದ ಹೆಸರು ಮೊದಲು ಬರುತ್ತದೆ.

ಒಂದು ಲೆಕ್ಕ ಮಾಡೋಣ. ತಂಪು ಪಾನೀಯದ ಬಾಟಲಿಯ ಮೇಲೆ 100 ಮಿಲಿಲೀಟರಿಗೆ ಸೇರಿಸಿದ ಸಕ್ಕರೆ 10 ಗ್ರಾಂ ಎಂದು ಇದೆ ಎಂದುಕೊಳ್ಳಿ. ಇಷ್ಟೇ ತಾನೇ ಎನಿಸುತ್ತದೆ. ಆದರೆ ಬಾಟಲಿಯಲ್ಲಿರುವುದು 250 ಮಿಲಿಲೀಟರ್. ಪೂರ್ತಿ ಕುಡಿದರೆ 25 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ. ಅಂದರೆ ಸುಮಾರು ಐದು ಚಹಾ ಚಮಚ! 2020ರ ಲೇಬಲ್ ನಿಯಮಗಳು ಒಂದು ದಿನಕ್ಕೆ ಲೆಕ್ಕ ಹಿಡಿದಿರುವುದೇ 50 ಗ್ರಾಂ. ಅದರಲ್ಲಿ ಅರ್ಧ ಒಂದೇ ಬಾಟಲಿಯಲ್ಲಿ ಮುಗಿಯಿತು.

ಪೌಷ್ಟಿಕಾಂಶಗಳ ಪಟ್ಟಿಯಲ್ಲಿ ಉಪ್ಪು ಎಂಬ ಹೆಸರು ಕಾಣದಿರಬಹುದು. ಆಗ ಸೋಡಿಯಂ ಎಂಬಲ್ಲಿ ನೋಡಿ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಅಂದಾಜು ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ದೊಡ್ಡವರು ಕೂಡ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಲ್ಲೊಂದು ತೊಡಕಿದೆ. ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು; ಕನ್ನಡದಲ್ಲೂ ಮುದ್ರಿಸಬಹುದು, ಆದರೆ ಕಡ್ಡಾಯವಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಓದಲು ಆಗುವುದಿಲ್ಲ. ನೀವು ಕೆಲವೇ ಪದ ಕಲಿತರೆ ಸಾಕು: ಷುಗರ್ ಎಂದರೆ ಸಕ್ಕರೆ, ಫ್ಯಾಟ್ ಎಂದರೆ ಕೊಬ್ಬು, ಎನರ್ಜಿ ಎಂದರೆ ಶಕ್ತಿ. ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ, ರಕ್ತದೊತ್ತಡ ಇರುವ ತಾತನಿಗೆ ನೀವೇ ಓದಿ ಹೇಳಬಹುದು. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂದು ಅವರು ಯೋಚಿಸಲು ಅದು ನೆರವಾಗುತ್ತದೆ.

ಬಾಳೆಹಣ್ಣಿಗೆ, ಮೊಳಕೆ ಕಾಳಿಗೆ ಇಂಥ ಪಟ್ಟಿ ಇರುವುದಿಲ್ಲ. ಹಾಗೆಂದು ಅವುಗಳಲ್ಲಿ ಪೌಷ್ಟಿಕಾಂಶ ಇಲ್ಲವೆಂದು ತಿಳಿಯಬೇಡಿ!

ಮಾಡಿ ನೋಡಿ: ಐದು ಖಾಲಿ ಪೊಟ್ಟಣಗಳನ್ನು ತನ್ನಿ. ಪ್ರತಿಯೊಂದರಲ್ಲಿ 100 ಗ್ರಾಂಗೆ ಸಕ್ಕರೆ, ಸೋಡಿಯಂ ಎಷ್ಟಿವೆ ಎಂದು ಬರೆಯಿರಿ. ಪೂರ್ತಿ ಪೊಟ್ಟಣಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ತರಗತಿಯಲ್ಲಿ ಚರ್ಚಿಸಿ.