ಕಾಡಿನ ಕಾಳಗಕ್ಕೆ ಕೊನೆ ಎಂದು?

ಹನೂರು ತಾಲ್ಲೂಕಿನ ರಾಮಾಪುರದ ಜನರಿಗೆ ಕಾಳಗವು ದೂರದ ಗಡಿಯ ವಾರ್ತೆಯಾಗಿರಲಿಲ್ಲ. 1992ರಲ್ಲಿ ವೀರಪ್ಪನ್ನನ ತಂಡವು ಅವರ ಊರಿನ ಪೊಲೀಸ್ ಠಾಣೆಯ ಮೇಲೆಯೇ ಎರಗಿ, ಐವರು ಪೊಲೀಸರನ್ನು ಕೊಂದು, ಬಂದೂಕುಗಳನ್ನು ಹೊತ್ತೊಯ್ದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದರು.

ಇಂಥ ಕಾಳಗವನ್ನು ಮಾತಿನಿಂದ ಮುಗಿಸಬೇಕೆ, ಬಂದೂಕಿನಿಂದ ಮುಗಿಸಬೇಕೆ? ಮಾತಿನಲ್ಲಿ ನಂಬಿಕೆಯಿಟ್ಟವರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಮೊದಲಿಗರು. ಶರಣಾಗತಿಯ ಆಸೆಯಿಂದ ನಿರಾಯುಧರಾಗಿ ಕಾಡನ್ನು ಹೊಕ್ಕ ಅವರು 1991ರ ನವೆಂಬರಿನಲ್ಲಿ ಕೊಲೆಯಾದರು. ಆ ಬಳಿಕ ಬಂದೂಕಿನ ಪಕ್ಷವೇ ಬಲವಾಯಿತು.

2000ದ ಜುಲೈ 30ರಂದು ನಟ ಡಾ. ರಾಜಕುಮಾರ್ ಅವರ ಅಪಹರಣವಾದಾಗ ಚರ್ಚೆ ಮತ್ತೆ ಭುಗಿಲೆದ್ದಿತು. ಟಾಡಾ ಕಾಯಿದೆಯಡಿ ಸೆರೆಯಲ್ಲಿದ್ದವರನ್ನು ಬಿಡಬೇಕೆಂಬುದು ಕಾಡಿನಿಂದ ಬಂದ ಬೇಡಿಕೆಗಳಲ್ಲಿ ಒಂದು. ಜನಪ್ರಿಯ ನಟನ ಪ್ರಾಣವೇ ಮುಖ್ಯವೆಂದು ಸರಕಾರವು ಟಾಡಾ ಆರೋಪಗಳನ್ನು ಹಿಂತೆಗೆಯಲು ಮುಂದಾಯಿತು. ಆಗ ಅಡ್ಡ ನಿಂತವರು ಷಕೀಲರ ತಂದೆ ಅಬ್ದುಲ್ ಕರೀಂ. ಮಗನನ್ನು ಕಳೆದುಕೊಂಡ ತಂದೆಯ ಮೊರೆಯನ್ನು ಆಲಿಸಿದ ಸುಪ್ರೀಂ ಕೋರ್ಟು, ನವೆಂಬರ್ 7ರಂದು ಹಿಂತೆಗೆತದ ಅನುಮತಿಯನ್ನು ರದ್ದುಪಡಿಸಿತು. ರಾಜಕುಮಾರ್ ನವೆಂಬರ್ 15ರಂದು, 108 ದಿನಗಳ ಬಳಿಕ, ಬಿಡುಗಡೆ ಹೊಂದಿದರು.

ಬೆದರಿಕೆಗೆ ಮಣಿದು ನ್ಯಾಯವನ್ನು ಮಾರಬಾರದೆಂಬ ತಂದೆಯ ವಾದವು ಸರಿಯೇ. ಆದರೆ ಸೆರೆಮನೆಯಲ್ಲಿದ್ದವರ ಕಥೆಯೂ ಇದೆ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ಅವರಲ್ಲಿ ಬಹುಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಅಷ್ಟರಲ್ಲಿ ಅವರ ಬಾಳಿನ ಹಲವು ವರ್ಷಗಳು ಕಂಬಿಗಳ ಹಿಂದೆ ಸವೆದುಹೋಗಿದ್ದವು. ಮಗನಿಗಾಗಿ ಅತ್ತ ತಂದೆಯೂ ಗಂಡನಿಗಾಗಿ ಕಾದ ಹೆಂಡತಿಯೂ ಬೇಡಿದುದು ಒಂದನ್ನೇ, ತ್ವರಿತವಾದ ವಿಚಾರಣೆಯನ್ನು.

2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್ ಗುಂಡಿಗೆ ಬಲಿಯಾದಾಗ ಕಾಳಗವು ಮುಗಿಯಿತೆಂದರು. ಲೆಕ್ಕವು ಮುಗಿದಿರಲಿಲ್ಲ. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿಯು ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಹೇಳಿತು. ನಾಯಕನು ಸತ್ತ ದಿನಕ್ಕೂ ನೊಂದವರ ಅಳಲು ಕೇಳಿಸಿಕೊಂಡ ದಿನಕ್ಕೂ ನಡುವೆ ಎರಡು ವರ್ಷಗಳ ಅಂತರವಿತ್ತು. ಕಾಳಗದ ಕೊನೆಯನ್ನು ಅಳೆಯುವವರು ಈ ಎರಡನೆಯ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೆ?