ಸಂಬೋಧನೆಯಲ್ಲಿ ಸೌಜನ್ಯ

ಸುಜನನ ಭಾವವೇ ಸೌಜನ್ಯ. ಪದದ ವ್ಯುತ್ಪತ್ತಿಯೇ ಅದನ್ನು ಹೊರಗಿನ ಉಪಚಾರದಿಂದ ಬೇರ್ಪಡಿಸಿ ಒಳಗಿನ ಶೀಲದೊಡನೆ ಕೂಡಿಸಿದೆ. ಆದರೆ ಶೀಲವು ಕಣ್ಣಿಗೆ ಕಾಣುವಂಥದಲ್ಲ. ನಡೆನುಡಿಗಳಲ್ಲಿಯೇ ಅದು ವ್ಯಕ್ತವಾಗಬೇಕು. ಕನ್ನಡದಲ್ಲಿಯಂತೂ ಎದುರಿನವರಿಗೆ ಎಷ್ಟು ಗೌರವ ಸಲ್ಲಬೇಕೆಂಬುದನ್ನು ನಿರ್ಧರಿಸದೆ ಅವರೊಡನೆ ಮಾತನ್ನೇ ಆರಂಭಿಸುವಂತಿಲ್ಲ. ಇಂಗ್ಲಿಷಿನಲ್ಲಿ ಇಂದು ಒಂದೇ ಸರ್ವನಾಮವು ಮಾಡುವ ಕೆಲಸವನ್ನು ಇಲ್ಲಿ ನೀನು, ನೀವು, ತಾವು ಎಂಬ ಮೂರು ಹಂಚಿಕೊಂಡಿವೆ, ಕ್ರಿಯಾಪದವೂ ಅವುಗಳನ್ನನುಸರಿಸುತ್ತದೆ.

ಇವುಗಳ ರಚನೆಯಲ್ಲಿಯೇ ಸೌಜನ್ಯದ ತತ್ತ್ವವಡಗಿದೆ. 'ನೀವು' ಎಂಬುದು ಒಬ್ಬರನ್ನು ಹಲವರೆಂದು ಎಣಿಸುತ್ತದೆ. 'ತಾವು' ಎಂಬುದು ಮೂಲತಃ 'ತಾನು' ಎಂಬ ಆತ್ಮಾರ್ಥಕ ಸರ್ವನಾಮದ ಬಹುವಚನ. ಹಿಂದಿಯ 'ಆಪ್', ಮರಾಠಿಯ 'ಆಪಣ್' ಎಂಬುವೂ ಆತ್ಮಾರ್ಥಕದಿಂದಲೇ ಬಂದವು. ಬೇರೆ ಬೇರೆ ಕುಲದ ಭಾಷೆಗಳು ಒಂದೇ ಉಪಾಯವನ್ನು ಹಿಡಿದಿರುವುದು ಗಮನಾರ್ಹ. ಮಾನ್ಯರನ್ನು ಬೆರಳು ಮಾಡಿ ತೋರಿಸದೆ, ಬಳಸಿ ನಿರ್ದೇಶಿಸುವುದೇ ಇದರ ಮರ್ಮ. 'ಅವನು', 'ಅವಳು' ಎಂಬ ಭೇದವೂ ಗೌರವದ 'ಅವರು' ಬಂದೊಡನೆ ಅಳಿಯುತ್ತದೆ.

ಹಾಗೆಂದು ಏಕವಚನವೆಲ್ಲ ಅಗೌರವವಲ್ಲ. ದೇವರನ್ನು, ಗೆಳೆಯನನ್ನು, ಅನೇಕ ಮನೆಗಳಲ್ಲಿ ತಾಯಿಯನ್ನು 'ನೀನು' ಎಂದೇ ಕರೆಯುವುದು ರೂಢಿ. ಪಂಪನು ಬರೆದನು, ಕುವೆಂಪು ಬರೆದರು ಎನ್ನುವಾಗ ಪಂಪನ ಮಾನಕ್ಕೆ ಕುಂದೇನೂ ಇಲ್ಲ. ಆದ್ದರಿಂದ ಪರೀಕ್ಷಿಸಬೇಕಾದುದು ಪದವನ್ನಲ್ಲ, ಅದರ ವಿನಿಮಯವನ್ನು. ಗೆಳೆಯರ 'ನೀನು' ಹೋದಂತೆಯೇ ಮರಳಿ ಬರುತ್ತದೆ. ಧಣಿಯು ಆಳಿಗೆ ಹೇಳಿದ 'ನೀನು' ಹಾಗೆ ಮರಳುವುದಿಲ್ಲ. ಹಿರಿಯರಿಗೆ ಬಹುವಚನವೆಂಬ ನಿಯಮವನ್ನು ಜಾತಿ, ಧನ, ಅಧಿಕಾರಗಳು ಮುರಿದು, ಹತ್ತು ವರ್ಷದ ಬಾಲಕನು ಅರುವತ್ತು ವರ್ಷದ ಕೂಲಿಕಾರನನ್ನು ಏಕವಚನದಲ್ಲಿ ಕರೆಯುವುದನ್ನು ಸಹಜವೆನಿಸಿದವು. 12ನೆಯ ಶತಮಾನದಲ್ಲಿಯೇ ಬಸವಣ್ಣನವರು ಸ್ವರ್ಗನರಕಗಳನ್ನು ಸಂಬೋಧನೆಯ ರೀತಿಯಲ್ಲಿ ಕಂಡುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೆ ನಿತ್ಯದ ಮಾತಿನ ಸರ್ವನಾಮವನ್ನು ತಿದ್ದುವ ಹೊಣೆ ಆಡುವವರದೇ.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಮುಂಬಯಿಯಂಥ ನಗರದಲ್ಲಿ ಮಕ್ಕಳಿಗೆ ಕನ್ನಡವು ಬಹುಮಟ್ಟಿಗೆ ಮನೆಯೊಳಗಿನ ಭಾಷೆ. ಅಲ್ಲಿ ಹಿರಿಯರು ಅವರನ್ನು 'ನೀನು' ಎಂದೇ ಮಾತನಾಡಿಸುತ್ತಾರೆ. ಮಕ್ಕಳು ಕೇಳಿದ ರೂಪವನ್ನೇ ಅತಿಥಿಗೂ ಹೇಳುತ್ತಾರೆ. ಹಿಂದಿಯಲ್ಲಿ ತಪ್ಪದೆ 'ಆಪ್' ಎನ್ನುವ ಮಗುವೇ ಕನ್ನಡದಲ್ಲಿ 'ಬಾ, ಕೂತ್ಕೋ' ಎಂದರೆ ಅದು ಉದ್ಧಟತನವಲ್ಲ, ಮಾದರಿಯ ಅಭಾವ. ಗದರಿಕೆಯಿಂದ ಇದು ನೀಗದು. ಹಿರಿಯರು ಪರಸ್ಪರ ಕನ್ನಡದಲ್ಲಿ ಮಾತನಾಡುವುದು, ಮಕ್ಕಳನ್ನು ಸಂಘದ ಕೂಟಗಳಿಗೆ ಕರೆತರುವುದು, ಮನೆಗೆಲಸದವರನ್ನೂ ಕಾವಲುಗಾರರನ್ನೂ ಮಕ್ಕಳ ಎದುರಿನಲ್ಲಿ ಬಹುವಚನದಿಂದಲೇ ಕರೆಯುವುದು, ಇವೇ ತಕ್ಕ ಪಾಠಗಳು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಬಲ್ಲಿದರಿಗೆ ಸಲ್ಲಿಸಿದ ಬಹುವಚನದಲ್ಲಿ ಭಯವೂ ಲಾಭವೂ ಬೆರೆತಿರಬಹುದು. ಏನನ್ನೂ ಮರಳಿ ಕೊಡಲಾರದವರಿಗೆ ಸಲ್ಲಿಸಿದುದರಲ್ಲಿ ಉಳಿಯುವುದು ಸೌಜನ್ಯವೊಂದೇ.