ವೈನ್ ರುಚಿ ನೋಡಲು ಹೋಗಿ ಕಲಿತ ಪಾಠ

ನಮ್ಮ ಮುಂಬಯಿಯಲ್ಲಿ ವೈನ್ ಶಾಪ್ ಎಂದರೆ ವಿಸ್ಕಿ, ರಮ್, ಬಿಯರ್ ಎಲ್ಲವೂ ಸಿಗುವ ಅಂಗಡಿ. ಆ ಹೆಸರಿನಿಂದಲೋ ಏನೋ, ನಮ್ಮ ಪರ್ಮಿಟ್ ರೂಮುಗಳಲ್ಲಿ ವೈನನ್ನೂ ರಮ್ಮಿನ ಹಾಗೆಯೇ ಇಡುತ್ತೇವೆ. ನಾವೂ ಅಡುಗೆಮನೆಯ ಗೋಡೆಗೆ ತಾಗಿದ ಶೆಲ್ಫಿನಲ್ಲಿ ಇಟ್ಟಿದ್ದೆವು. ಒಂದು ರಾತ್ರಿ ಹತ್ತು ವರ್ಷದ ಗಿರಾಕಿಯೊಬ್ಬರು ಒಂದು ಗುಟುಕು ಕುಡಿದು, "ಶೆಟ್ರೇ, ಇದು ವಿನೆಗರ್ ಆಗಿದೆ" ಎಂದು ಗ್ಲಾಸು ಸರಿಸಿದರು. ಬಾಟಲಿ ತೆರೆದು ಎಷ್ಟು ದಿನವಾಯಿತೆಂದು ನಮ್ಮ ಕ್ಯಾಪ್ಟನಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಬಿಲ್ಲಿನಿಂದ ತೆಗೆದೆವು. ಆದರೆ ಅವರು ಮತ್ತೆ ಬರಲಿಲ್ಲ.

ಇದಾದ ಮೇಲೆ 2019ರ ಜನವರಿಯಲ್ಲಿ ನಾವು ಮೂವರು ಹೋಟೆಲಿನವರು ಕಸಾರಾ ಘಾಟಿ ಹತ್ತಿ ನಾಸಿಕಕ್ಕೆ ಹೋದೆವು. ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಬಳಿ ಗುರ್ನಾನಿ ಕುಟುಂಬದವರು ಕಟ್ಟಿದ ಯಾರ್ಕ್ ವೈನರಿ ಇತ್ತು. ಆಗ ಅದು ಸಣ್ಣ ಸಂಸ್ಥೆ. 2021ರಲ್ಲಿ ದೊಡ್ಡ ಕಂಪೆನಿ ಸುಲಾ ಅದನ್ನು ಕೊಂಡುಕೊಂಡಿತು.

ನಾಸಿಕದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಸಾಧಾರಣ ಜನವರಿಯಿಂದ ಮಾರ್ಚ್ ತನಕ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ. ಕೆಂಪು ವೈನಿಗೆ ಸಿಪ್ಪೆ ಸಮೇತ ಹುಳಿಯಲು ಬಿಡುತ್ತಾರೆ. ಬಣ್ಣವೂ ಒಗರೂ ಬರುವುದು ಆ ಸಿಪ್ಪೆಯಿಂದಲೇ. ಟ್ಯಾಂಕುಗಳನ್ನು ಸದಾ ತಂಪಾಗಿ ಇಡುತ್ತಾರೆ. ಅಷ್ಟು ಜೋಪಾನ ಮಾಡಿದ ಸರಕನ್ನು ನಾವು ತಂದು ಭಟ್ಟಿಯ ಪಕ್ಕ ಇಟ್ಟಿದ್ದೆವು!

ರುಚಿ ನೋಡುವ ಕೋಣೆಯಲ್ಲಿ ಗ್ಲಾಸಿಗೆ ಸ್ವಲ್ಪವೇ ಹಾಕುತ್ತಾರೆ. ಮೊದಲು ಬಣ್ಣ ನೋಡಬೇಕು, ಗ್ಲಾಸು ತಿರುಗಿಸಿ ಮೂಸಬೇಕು, ಮತ್ತೆ ಬಾಯಿಯಲ್ಲಿ ಆಡಿಸಬೇಕು. ಬೇಡವಾದರೆ ಉಗುಳಲು ಪಾತ್ರೆ ಉಂಟು. ಬಿಳಿಯದು ಮೊದಲು, ಕೆಂಪು ನಂತರ. ನಾವು ಗಟಗಟ ಕುಡಿಯಲು ಹೋಗಿ ನಗೆಪಾಟಲಾದೆವು.

ಅಲ್ಲಿಂದ ಬಂದು ಜಾರಿಗೆ ತಂದ ಕ್ರಮಗಳನ್ನು ಸದಸ್ಯ ಬಂಧುಗಳ ಉಪಯೋಗಕ್ಕೆ ತಿಳಿಸುತ್ತೇವೆ. ಬಾಟಲಿಗೆ ಬಿಸಿಲು, ಬಿಸಿ ತಾಗಬಾರದು. ಬಿರಡೆ ಒಣಗದಂತೆ ಮಲಗಿಸಿ ಇಡಬೇಕು. ಬಿಳಿ ವೈನು 8ರಿಂದ 12 ಡಿಗ್ರಿ, ಕೆಂಪು 16ರಿಂದ 18 ಡಿಗ್ರಿಯಲ್ಲಿ ಕೊಡಬೇಕು. ಮುಂಬಯಿಯ ಸೆಕೆಗೆ ಕೆಂಪನ್ನೂ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಡದೆ ಗತಿಯಿಲ್ಲ. 750 ಮಿಲಿಯ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸು ಮಾತ್ರ. ತೆರೆದ ದಿನಾಂಕದ ಚೀಟಿ ಅಂಟಿಸಿ, ಬಿರಡೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟು ಮೂರು ದಿನದೊಳಗೆ ಮುಗಿಸಬೇಕು. ಮಿಕ್ಕಿದ್ದು ಅಡುಗೆಗೆ ಹೋಗಲಿ, ಗಿರಾಕಿಗೆ ಬೇಡ.

ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ? ಒಗರಿನ ಕೆಂಪು ವೈನು ಕೋರಿ ಗಸಿಯ ಖಾರವನ್ನು ಇನ್ನೂ ಹೆಚ್ಚಿಸುತ್ತದೆ. ಅದಕ್ಕೆ ತುಸು ಸಿಹಿಯ ಶೆನಿನ್ ಬ್ಲಾಂಕ್ ಒಳ್ಳೆಯದು. ಕಾಣೆ ಫ್ರೈಗೆ ಲಿಂಬೆ ಹಿಂಡಿದಂತೆ ಹುಳಿಯಿರುವ ಸೋವಿನ್ಯೋ ಬ್ಲಾಂಕ್ ಹೊಂದುತ್ತದೆ.

ನೀವೂ ಒಮ್ಮೆ ಹೋಗಿ, ಕ್ಯಾಪ್ಟನನ್ನೂ ಕರೆದುಕೊಂಡು ಹೋಗಿ. ಬಡಿಸುವವನೇ ರುಚಿ ನೋಡದಿದ್ದರೆ ಗಿರಾಕಿಗೆ ಏನು ಹೇಳಿಯಾನು? ಆದರೆ ಡ್ರೈವರ್ ಮಾತ್ರ ಕುಡಿಯದವನಿರಲಿ, ಘಾಟಿ ಇಳಿದು ಬರಬೇಕು.